ಚಿಕ್ಕದಾದ ಅಂಗಿ: 'ನಿಮೋನಾ' ಓದಿದ ಮೇಲೆ

ಪುಣೆಯಿಂದ ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸಿನಲ್ಲಿ ಓದಲಿಕ್ಕೆಂದು 'ನಿಮೋನಾ' ಎಂಬ ಚಿತ್ರಕಾದಂಬರಿಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಬರೆದು ಚಿತ್ರಿಸಿದವರು ಅಮೆರಿಕದ ಎನ್.ಡಿ. ಸ್ಟೀವನ್ಸನ್. ಪುಸ್ತಕ ಬಂದದ್ದು 2015ರಲ್ಲಿ. ನಾನು ಓದಿದ್ದು ಅದರ ಸಿನಿಮಾ 2023ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ, ಅಂದರೆ ಎಲ್ಲರೂ ಮಾತಾಡಿ ಮುಗಿಸಿದ ಮೇಲೆ. ಕೊಲ್ಲಾಪುರ ಬರುವಷ್ಟರಲ್ಲಿ ಪುಸ್ತಕ ಮುಗಿಯಿತು. ಮುಗಿಸಿ ಸುಮ್ಮನೆ ಮೊದಲ ಪುಟಕ್ಕೆ ಮರಳಿದೆ. ಬೇರೆ ಯಾವುದೋ ಪುಸ್ತಕ ತೆರೆದೆನೇನೋ ಅನ್ನಿಸಿತು.

ಮೊದಲ ಪುಟಗಳ ಗೆರೆ ತೆಳು, ಸ್ವಲ್ಪ ಅಂಜುಬುರುಕ. ಮುಖಗಳು ಚೌಕಟ್ಟಿನಿಂದ ಚೌಕಟ್ಟಿಗೆ ಅಷ್ಟಿಷ್ಟು ಬದಲಾಗುತ್ತವೆ. ಹಿನ್ನೆಲೆ ಎಂದರೆ ಬಹಳ ಕಡೆ ಬರೀ ಬಣ್ಣ ಬಳಿದ ಗೋಡೆ. ಕೊನೆಯ ಪುಟಗಳಿಗೆ ಬಂದರೆ ಅದೇ ಕೈ ಬೆಂಕಿ, ಹೊಗೆ, ಹೆದರಿದ ಊರು, ಊರಿಗಿಂತ ದೊಡ್ಡದಾದ ಒಂದು ಪ್ರಾಣಿ, ಎಲ್ಲವನ್ನೂ ಅಳುಕಿಲ್ಲದೆ ಬರೆಯುತ್ತದೆ. ಪುಸ್ತಕ ಹಾರ್ಪರ್‌ಕಾಲಿನ್ಸ್‌ನಂಥ ದೊಡ್ಡ ಪ್ರಕಾಶಕರ ಕೈಗೆ ಹೋಗಿತ್ತು. ಆರಂಭದ ಪುಟಗಳನ್ನು ಕೊನೆಯ ಪುಟಗಳ ಮಟ್ಟಕ್ಕೆ ತಿದ್ದಿಸಿ ಬರೆಸಬಹುದಿತ್ತು. ಹಾಗೆ ಮಾಡಿಲ್ಲ. ಆ ಕಲಿಯುವ ಕೈಯನ್ನೂ ಕಲಿತ ಕೈಯನ್ನೂ ಒಂದೇ ರಟ್ಟಿನೊಳಗೆ ಹಾಗೇ ಬಿಟ್ಟಿದ್ದಾರೆ. ಈ ಲೇಖನ ಬರೆಯಲು ಕಾರಣ ಅದು.

ಮುಂದೆ ಹೋಗುವ ಮೊದಲು ಒಂದು ಮಾತು. ಸ್ಟೀವನ್ಸನ್ ತಮ್ಮನ್ನು ಗಂಡು ಅಥವಾ ಹೆಣ್ಣು ಎಂಬ ಒಂದು ಪೆಟ್ಟಿಗೆಯಲ್ಲಿ ಇಟ್ಟು ನೋಡಿಕೊಳ್ಳುವವರಲ್ಲ. ಪುಸ್ತಕ ಬಂದಾಗ ಇದ್ದ ಹೆಸರನ್ನೂ ಆಮೇಲೆ ಬದಲಿಸಿಕೊಂಡರು. ಇಂಗ್ಲಿಷಿನಲ್ಲಿ ಬರೆಯುವವರು ಸರ್ವನಾಮಕ್ಕಾಗಿ ತಡಕಾಡುವ ಕಡೆ ನಮ್ಮ 'ಅವರು' ನನ್ನ ಕೆಲಸವನ್ನು ಹಗುರ ಮಾಡಿದೆ.

1991ರಲ್ಲಿ ಹುಟ್ಟಿದ ಸ್ಟೀವನ್ಸನ್ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಇನ್ಸ್‌ಟಿಟ್ಯೂಟ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತವರು. ಆದರೆ ಅವರ ಹೆಸರು ಮೊದಲು ಓಡಾಡಿದ್ದು ತರಗತಿಯಲ್ಲಲ್ಲ, ಟಂಬ್ಲರ್‌ನಲ್ಲಿ. ಅಲ್ಲಿ ಅವರು ಅಭಿಮಾನಿ ಚಿತ್ರಗಳನ್ನು ಬರೆಯುತ್ತಿದ್ದರು. ಟೋಲ್ಕಿನ್ನರ 'ಲಾರ್ಡ್ ಆಫ್ ದಿ ರಿಂಗ್ಸ್'ನ ವೀರರನ್ನು ಇವತ್ತಿನ ಷೋಕಿ ಹುಡುಗರಂತೆ ಬಟ್ಟೆ ತೊಡಿಸಿ ಬರೆದ ಚಿತ್ರಗಳು ಕೈಯಿಂದ ಕೈಗೆ ದಾಟಿದವು. ಸೂಪರ್‌ಹೀರೋಗಳ ತಮಾಷೆಗಳೂ ಇದ್ದವು. ನೋಡುವವರು ನಕ್ಕರು, ಹಂಚಿದರು, ಇನ್ನಷ್ಟು ಕೇಳಿದರು. 2012ರಲ್ಲಿ, ಕಾಲೇಜಿನ ಕಾಮಿಕ್ಸ್ ತರಗತಿಯ ಅಭ್ಯಾಸವಾಗಿ ಶುರುವಾದ ಸ್ವಂತ ಕಥೆಯೊಂದನ್ನು ಸ್ಟೀವನ್ಸನ್ ಇಂಟರ್‌ನೆಟ್ಟಿಗೆ ಹಾಕತೊಡಗಿದರು. ಅದೇ 'ನಿಮೋನಾ'. ಮುಂದೆ ಅದೇ ಅವರ ಕೊನೆಯ ವರ್ಷದ ಪ್ರಬಂಧವೂ ಆಯಿತು. ಕಾಲೇಜು ಮುಗಿಯುವ ಮೊದಲೇ ಏಜೆಂಟ್ ಸಿಕ್ಕರು. 2014ರಲ್ಲಿ ಕಥೆ ಮುಗಿಯಿತು, 2015ರಲ್ಲಿ ಪುಸ್ತಕವಾಯಿತು. ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿಗೆ ಬಂತು, ಮರುವರ್ಷ ಐಸ್ನರ್ ಪ್ರಶಸ್ತಿ ಪಡೆಯಿತು.

ಇಷ್ಟು ಹೇಳಿದರೆ ಇದು ನಾವೆಲ್ಲ ಕೇಳಿರುವ ಗೆಲುವಿನ ಕಥೆ. ಹವ್ಯಾಸಿಯಾಗಿದ್ದವರು ವೃತ್ತಿಪರರಾದರು, ಆನ್‌ಲೈನ್ ಬಳಗ ಮೆಟ್ಟಿಲಾಯಿತು, ಅವರು ಮೇಲೆ ಹತ್ತಿ ಹೋದರು. ನನಗೆ ಈ ಮೆಟ್ಟಿಲಿನ ಹೋಲಿಕೆಯ ಮೇಲೆ ನಂಬಿಕೆಯಿಲ್ಲ. ಮೆಟ್ಟಿಲು ನಮ್ಮನ್ನು ಹಿಡಿದುಕೊಳ್ಳುವುದಿಲ್ಲ, ಬಳಗ ಹಿಡಿದುಕೊಳ್ಳುತ್ತದೆ. ಅದೂ ಪ್ರೀತಿಯಿಂದ.

ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಎಂಟೆಕ್ ಮಾಡುವಾಗ, 2003ರ ಸುಮಾರಿಗೆ, ಚಿತ್ರ ಬರೆಯುವವರ ಒಂದು ಆನ್‌ಲೈನ್ ಬಳಗದಲ್ಲಿ ನಾನೂ ಇದ್ದೆ. ಪೆನ್ಸಿಲಿನಲ್ಲಿ ಬರೆದು, ಲ್ಯಾಬಿನ ಸ್ಕ್ಯಾನರ್ ಖಾಲಿಯಿರುವ ಹೊತ್ತು ನೋಡಿ ಸ್ಕ್ಯಾನ್ ಮಾಡಿ ಹಾಕುತ್ತಿದ್ದೆ. ಒಂದು ದಿನ ಮಳೆ ಬಿದ್ದ ರಸ್ತೆ ಬರೆದೆ. ಒದ್ದೆ ಟಾರಿನ ಮೇಲೆ ಆಟೋದ ದೀಪ ಉದ್ದಕ್ಕೆ ಬಿದ್ದಿದೆ, ಒಬ್ಬಾತ ಕೊಡೆ ಹಿಡಿದು ನಿಂತಿದ್ದಾನೆ. ಮರುದಿನ ನೋಡಿದರೆ ಮೂವತ್ತು ಜನ ಹೊಗಳಿದ್ದರು. ಆವತ್ತಿನ ಲೆಕ್ಕಕ್ಕೆ ಮೂವತ್ತು ಅಂದರೆ ಜಾತ್ರೆ. ಇನ್ನೊಂದು ಮಳೆ ಬರೆದೆ, ಮತ್ತೆ ಜಾತ್ರೆ. ಬಳಗದಲ್ಲಿ ನಾನು ಮಳೆಯವನಾದೆ.

ಆ ನಡುವೆ ಊರಿಗೆ ಹೋಗಿದ್ದೆ. ಅಪ್ಪನಿಗೆ ಕಾಲಿನ ಆಪರೇಷನ್ ಆಗಿತ್ತು. ಮಂಚದ ಅಂಚಿಗೆ ಕೂತು, ಪಕ್ಕದಲ್ಲಿದ್ದ ನೀಲಿ ಪ್ಲಾಸ್ಟಿಕ್ ಬಕೆಟ್ಟಿನ ಕಂಠವನ್ನು ಸುಮ್ಮನೆ ಬೆರಳಲ್ಲಿ ಉಜ್ಜುತ್ತಿದ್ದರು. ಅದನ್ನು ಬರೆದೆ. ಚಿತ್ರ ಕೆಟ್ಟದಾಗಿತ್ತು, ಕೈ ಸರಿಯಾಗಿ ಬಂದಿರಲಿಲ್ಲ, ಮಂಚ ಗಾಳಿಯಲ್ಲಿ ತೇಲಿದಂತಿತ್ತು. ಆದರೂ ಅದು ನಾನು ನೋಡಿದ್ದು. ಬಳಗದಿಂದ ಬಂದದ್ದು ಎರಡು ಮಾತು. ಒಂದು, 'ಚೆನ್ನಾಗಿದೆ'. ಇನ್ನೊಂದು, 'ಮುಂದಿನ ಮಳೆ ಯಾವಾಗ?' ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಯಾರೂ ಬೈಯಲಿಲ್ಲ. ನಾನು ಮರುವಾರ ಮಳೆಗೆ ಮರಳಿದೆ. ನಲವತ್ತಕ್ಕೂ ಹೆಚ್ಚು ಮಳೆಗಳನ್ನು ಬರೆದಿರಬೇಕು. ಕೊನೆಯದು ಮೊದಲನೆಯದಕ್ಕಿಂತ ಎಷ್ಟೋ ನೀಟಾಗಿದೆ, ಆದರೆ ಅದರಲ್ಲಿ ಇರುವುದು ಮೊದಲನೆಯದರಲ್ಲಿ ಇದ್ದದ್ದೇ. ಕೈ ಪಳಗಿತು, ಕಣ್ಣು ನಿಂತಿತು. ಆಮೇಲೆ ನೌಕರಿ ಸಿಕ್ಕಿತು, ಬರೆಯುವುದು ಬಿಟ್ಟೆ. ಬಹಳ ವರ್ಷ ನೌಕರಿಯಿಂದಾಗಿ ಬಿಟ್ಟೆ ಅಂತಲೇ ಹೇಳಿಕೊಂಡಿದ್ದೆ.

ಹಾಗಾಗಿ ಸ್ಟೀವನ್ಸನ್ ಅವರ ಪುಸ್ತಕದಲ್ಲಿ ನಾನು ಹುಡುಕಿದ್ದು ಒಂದೇ: ಈ ಮನುಷ್ಯ ತಮ್ಮ ಮಳೆಯಿಂದ ಹೊರಗೆ ಬಂದದ್ದು ಹೇಗೆ?

ಅಭಿಮಾನಿ ಚಿತ್ರದಿಂದಲೇ ಶುರುಮಾಡೋಣ. ಅದನ್ನು ಕೀಳಾಗಿ ಕಾಣುವವರಿದ್ದಾರೆ, ನಾನು ಹಾಗೆ ಕಾಣುವುದಿಲ್ಲ. ಕಲಿಯುವವರಿಗೆ ಅದು ಒಳ್ಳೆಯ ಗರಡಿ. ನೋಡುವವನಿಗೆ ಪಾತ್ರ ಮೊದಲೇ ಗೊತ್ತು, ಪ್ರೀತಿಯೂ ಮೊದಲೇ ಇದೆ. ಬರೆಯುವವರು ಪರಿಚಯ ಮಾಡಿಕೊಡುವ ತಾಪತ್ರಯವಿಲ್ಲದೆ ನೇರ ತಮಾಷೆಗೆ ಇಳಿಯಬಹುದು. ಆದರೆ ಆ ಪ್ರೀತಿ ಸಾಲದ ಪ್ರೀತಿ. ಟೋಲ್ಕಿನ್ ಕೂಡಿಟ್ಟ ಗಂಟಿನಿಂದ ನಮಗೆ ಬಡ್ಡಿ ಬರುತ್ತಿರುತ್ತದೆ. ಸ್ವಂತ ಪಾತ್ರ ಹುಟ್ಟಿಸಿದ ದಿನ ಆ ಗಂಟು ಇರುವುದಿಲ್ಲ. ಕೂದಲು ಕತ್ತರಿಸಿಕೊಂಡ ಒಂದು ದಪ್ಪ ಹುಡುಗಿ ಬಾಗಿಲು ತಳ್ಳಿ ಒಳಗೆ ಬಂದು ನಿಂತರೆ, ಯಾರವಳು ಅಂತ ಓದುಗನಿಗೆ ಗೊತ್ತಿಲ್ಲ. ಅವಳು ತನ್ನ ಅನ್ನ ತಾನೇ ದುಡಿಯಬೇಕು.

ನಿಮೋನಾ ಹಾಗೇ ಬರುತ್ತಾಳೆ. ಲಾರ್ಡ್ ಬ್ಯಾಲಿಸ್ಟರ್ ಬ್ಲ್ಯಾಕ್‌ಹಾರ್ಟ್ ಆ ರಾಜ್ಯದ ಅಧಿಕೃತ ಖಳನಾಯಕ. ಒಂದು ಕಾಲಕ್ಕೆ ವೀರನಾಗಲು ತರಬೇತಿ ಪಡೆದವನು. ಗೆಳೆಯ ಆಂಬ್ರೋಷಿಯಸ್ ಗೋಲ್ಡನ್‌ಲಾಯಿನ್ ಜತೆಗಿನ ಈಟಿಯ ಪಂದ್ಯದಲ್ಲಿ ತೋಳು ಕಳೆದುಕೊಂಡು, ಸಂಸ್ಥೆಯಿಂದ ಹೊರದಬ್ಬಿಸಿಕೊಂಡು, ಈಗ ಯಂತ್ರದ ತೋಳು ಹಾಕಿಕೊಂಡು ಖಳನ ಕೆಲಸ ಮಾಡುತ್ತಾನೆ. ಅವನ ಖಳತನಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ, ಮುಖ್ಯವಾಗಿ ಕೊಲ್ಲಬಾರದು. ನಿಮೋನಾ ಅವನ ಸಹಾಯಕಿಯಾಗಲು ಬರುತ್ತಾಳೆ. ಬೇಕಾದ ರೂಪ ತಾಳಬಲ್ಲಳು, ಶಾರ್ಕ್ ಆಗಬಲ್ಲಳು, ಡ್ರ್ಯಾಗನ್ ಆಗಬಲ್ಲಳು. ಕೊಲ್ಲಲಿಕ್ಕೆ ಅವಳಿಗೆ ಯಾವ ಅಡ್ಡಿಯೂ ಇಲ್ಲ.

ಪುಸ್ತಕದ ಮೊದಲ ಭಾಗ ನಗೆಯಿಂದ ನಡೆಯುತ್ತದೆ. ಗಮನಿಸಿ ನೋಡಿದರೆ ಅಲ್ಲಿ ಹೆಚ್ಚಿನ ಪುಟಗಳು ಒಂದು ಚಟಾಕಿಯಲ್ಲಿ ಮುಗಿಯುತ್ತವೆ. ಕಾರಣ ಸರಳ. ಆ ಪುಟ ಒಂಟಿಯಾಗಿ ಇಂಟರ್‌ನೆಟ್ಟಿಗೆ ಹೋಗುತ್ತಿತ್ತು. ಮುಂದಿನ ಪುಟಕ್ಕೆ ಕೆಲವು ದಿನ ಕಾಯಬೇಕಾದ ಓದುಗ ಖಾಲಿ ಕೈಯಲ್ಲಿ ಹೋಗಬಾರದು. ನನ್ನ ಕೆಲಸದಲ್ಲೂ ಇದೇ ಪದ್ಧತಿಯಿದೆ. ಎರಡು ವಾರಕ್ಕೊಮ್ಮೆ ಆದಷ್ಟನ್ನು ಗ್ರಾಹಕರ ಮುಂದೆ ಇಡುತ್ತೇವೆ, ಅವರು ಹೇಳಿದ್ದನ್ನು ಕೇಳಿಕೊಂಡು ಮುಂದಿನ ಎರಡು ವಾರದ ಕೆಲಸ ಹಾಕುತ್ತೇವೆ. ಅದರ ಲಾಭ ನನಗೆ ಗೊತ್ತು: ವರ್ಷಗಟ್ಟಲೆ ಕತ್ತಲಲ್ಲಿ ಕಟ್ಟಿ ಕೊನೆಗೆ ಯಾರಿಗೂ ಬೇಡದ್ದನ್ನು ತಂದಿಡುವ ಅಪಾಯ ತಪ್ಪುತ್ತದೆ. ಅದರ ನಷ್ಟವೂ ಗೊತ್ತು. ಎದುರಿಗಿದ್ದದ್ದನ್ನು ನೋಡಿ ಜನ ಕೇಳುವುದು ಅದನ್ನೇ ಇನ್ನಷ್ಟು, ಸ್ವಲ್ಪ ಬೇಗ, ಸ್ವಲ್ಪ ಚಂದವಾಗಿ. ತಾವು ಊಹಿಸಿಯೇ ಇಲ್ಲದ್ದನ್ನು ಯಾರೂ ಕೇಳಲಾರರು.

ಕಥೆ ನಡುವಿಗೆ ಬಂದಂತೆ ಈ ಚಟಾಕಿಯ ಲಯ ಕಡಿಮೆಯಾಗುತ್ತಾ ಹೋಗುತ್ತದೆ. ಸಂಸ್ಥೆಯೇ ವಿಷದ ಬೇರನ್ನು ಗುಟ್ಟಾಗಿ ಕೂಡಿಹಾಕುತ್ತಿದೆ ಎಂದು ಬ್ಲ್ಯಾಕ್‌ಹಾರ್ಟ್‌ಗೆ ತಿಳಿಯುತ್ತದೆ. ನಿಮೋನಾ ತನ್ನ ಹುಟ್ಟಿನ ಬಗ್ಗೆ ಹೇಳಿದ ಕಥೆ ಪೂರ್ತಿ ನಿಜವಲ್ಲ ಅನ್ನುವುದು ಹೊರಬೀಳುತ್ತದೆ. ಪುಟಗಳು ಈಗ ನಗಿಸಿ ಕಳಿಸುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಕಳಿಸುತ್ತವೆ. ಮಾತಿಲ್ಲದ ಚೌಕಟ್ಟುಗಳು ಬರುತ್ತವೆ. ಮೊದಲು ತಮಾಷೆಯಾಗಿದ್ದ ರೂಪ ಬದಲಿಸುವ ಆಟ ಈಗ ನೋವಿನ ಗುರುತಾಗುತ್ತದೆ. ತಮಾಷೆಯ ಹುಡುಗಿ ಅಂತ ಪ್ರೀತಿಸಿದ ಓದುಗ, ಅವಳು ಎಷ್ಟು ಜನರನ್ನು ಕೊಂದಿದ್ದಾಳೆ ಅಂತ ಹಿಂದಿನ ಪುಟಗಳನ್ನು ತಿರುಗಿಸಿ ಎಣಿಸಬೇಕಾಗುತ್ತದೆ. ಆಗ ನಾವು ನಕ್ಕಿದ್ದೆವು.

ಸ್ಟೀವನ್ಸನ್ ಹೊರಗೆ ಬಂದ ಜಾಗ ಇದು ಎಂದು ನನ್ನ ಅಂದಾಜು. ಪ್ರಕಾಶಕರ ಜತೆ ಆದ ಒಪ್ಪಂದಕ್ಕೆ ನಾನು ಅಷ್ಟು ಮಹತ್ವ ಕೊಡಲಾರೆ. ಕಾಯುತ್ತಿದ್ದ ಜನರ ಕಣ್ಣೆದುರೇ, ಅವರು ಯಾವುದಕ್ಕಾಗಿ ಬಂದಿದ್ದರೋ ಅದನ್ನು ಮೆಲ್ಲಗೆ ತಿರುಗಿಸಿ ಇನ್ನೇನೋ ಮಾಡಿದ್ದರಲ್ಲಿ ಆ ಬೆಳವಣಿಗೆ ಇದೆ. ಬಳಗ ಬಿಟ್ಟು ಓಡಿಹೋಗಿ ಬೆಳೆದವರು ಬಹಳ ಜನ. ಇವರು ಬಳಗದ ನಡುವೆ ನಿಂತೇ ಅದಕ್ಕಿಂತ ಎತ್ತರಕ್ಕೆ ಬೆಳೆದರು, ಆಮೇಲೆ ಹೊರಟರು. ನಾನು ಅಪ್ಪನ ಚಿತ್ರ ಹಾಕಿದ ಮರುವಾರ ಇನ್ನೊಂದು ಅಪ್ಪನ ಚಿತ್ರ ಹಾಕಬೇಕಿತ್ತು. ಕೈ ಇನ್ನೂ ಸರಿ ಬರದಿದ್ದರೂ ಹಾಕಬೇಕಿತ್ತು. ಇಷ್ಟೇ ವ್ಯತ್ಯಾಸ, ಆದರೆ ಇಷ್ಟು ದೊಡ್ಡದು.

ಹಾಗಂತ ಪುಸ್ತಕದಲ್ಲಿ ಕುಂದಿಲ್ಲ ಅಂತಲ್ಲ. ಮಧ್ಯಯುಗದ ಕೋಟೆಯೂ ವಿಜ್ಞಾನದ ಲ್ಯಾಬೂ ಒಟ್ಟಿಗಿರುವ ಆ ಲೋಕಕ್ಕೆ ನೆಟ್ಟಗಿನ ನಿಯಮಗಳಿಲ್ಲ. ಪುಟದಿಂದ ಪುಟಕ್ಕೆ ಹೊಳೆದದ್ದನ್ನು ಸೇರಿಸುತ್ತಾ ಹೋದಂತಿದೆ. ಸಂಸ್ಥೆಯ ಮುಖ್ಯಸ್ಥೆ ಕೊನೆಯವರೆಗೂ ಹಲಗೆಯಂತೆ ಚಪ್ಪಟೆ. ಗೋಲ್ಡನ್‌ಲಾಯಿನ್‌ಗೂ ಬ್ಲ್ಯಾಕ್‌ಹಾರ್ಟ್‌ಗೂ ನಡುವಿನ ಪ್ರೀತಿಯನ್ನು ಸೂಚಿಸಿ ಬಿಟ್ಟಿರುವುದು ಹಲವು ಕಡೆ ಚಂದ, ಕೆಲವು ಕಡೆ ಬರೆಯಲು ಪುರುಸೊತ್ತಾಗಲಿಲ್ಲವೇನೋ ಅನ್ನಿಸುತ್ತದೆ. ವಾರಕ್ಕೆ ಒಂದೆರಡು ಪುಟದಂತೆ ಬರೆದ ಕಥೆಗೆ ಈ ಹೊಲಿಗೆಗಳು ಕಾಣದೆ ಇರುವುದು ಕಷ್ಟ. ಪೂರ್ತಿ ಬರೆದು ಮುಗಿಸಿ, ತಿದ್ದಿ, ಆಮೇಲೆ ಓದುಗರಿಗೆ ಕೊಟ್ಟಿದ್ದರೆ ಕಥೆ ಬಿಗಿಯಾಗುತ್ತಿತ್ತು. ಆದರೆ ಈ ಪುಸ್ತಕದ ಜೀವ ಅದರಲ್ಲಿ ಉಳಿಯುತ್ತಿತ್ತೇ ಎಂಬ ಅನುಮಾನ ನನಗಿದೆ.

ಯಾಕೆಂದರೆ ಇದು ರೂಪ ಬದಲಿಸುವವಳ ಕಥೆ. ನಿನ್ನ ನಿಜರೂಪ ಯಾವುದು ಅಂತ ಎಲ್ಲರೂ ಅವಳನ್ನು ಕೇಳುತ್ತಾರೆ. ಪುಸ್ತಕದ ಗೆರೆಯೂ ಅದೇ ಪ್ರಶ್ನೆಯನ್ನು ಎದುರಿಸುತ್ತದೆ: ಮೊದಲ ಪುಟದ ತೆಳು ಗೆರೆಯೋ, ಕೊನೆಯ ಪುಟದ ಗಟ್ಟಿ ಗೆರೆಯೋ, ಯಾವುದು ಈ ಕಲಾವಿದರ ನಿಜವಾದ ಕೈ? ಮೊದಲ ಪುಟಗಳನ್ನು ಅಳಿಸದೆ ಉಳಿಸಿದ್ದರಿಂದ ಪುಸ್ತಕ ತನ್ನ ಮೈಯಲ್ಲೇ ಉತ್ತರ ಕೊಟ್ಟಿದೆ. ಎರಡೂ.

ಈಗ ಸಿನಿಮಾ. ಅದರ ಹಾದಿಯೂ ಸುಲಭವಾಗಿರಲಿಲ್ಲ. ಬ್ಲೂ ಸ್ಕೈ ಎಂಬ ಆನಿಮೇಷನ್ ಸ್ಟುಡಿಯೋ ಅದನ್ನು ಮಾಡುತ್ತಿತ್ತು. ಆ ಸ್ಟುಡಿಯೋದ ಒಡೆತನ ಡಿಸ್ನಿಗೆ ಬಂದು, 2021ರಲ್ಲಿ ಡಿಸ್ನಿ ಅದನ್ನು ಮುಚ್ಚಿದಾಗ ಸಿನಿಮಾ ಅರ್ಧಕ್ಕೆ ನಿಂತಿತು. ಅನ್ನಪೂರ್ಣ ಎಂಬ ಸಂಸ್ಥೆ ಕೈಹಿಡಿದ ಮೇಲೆ, ನಿಕ್ ಬ್ರೂನೋ ಮತ್ತು ಟ್ರಾಯ್ ಕ್ವೇನ್ ನಿರ್ದೇಶನದಲ್ಲಿ, 2023ರ ಜೂನ್ 30ರಂದು ಬಿಡುಗಡೆಯಾಯಿತು. ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ನೋಡಲು ಸೊಗಸಾದ ಸಿನಿಮಾ. ಪುಸ್ತಕ ಸೂಚಿಸಿ ಬಿಟ್ಟ ಇಬ್ಬರು ಗಂಡಸರ ಪ್ರೀತಿಯನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ, ಅದು ದೊಡ್ಡ ಮಾತು.

ಆದರೆ ಏನನ್ನು ಬದಲಿಸಿದ್ದಾರೆ ನೋಡಿ. ಪುಸ್ತಕದ ಬ್ಯಾಲಿಸ್ಟರ್ ನಿಜವಾಗಿ ಖಳನ ಕೆಲಸ ಮಾಡುವವನು. ಸಿನಿಮಾದ ಬ್ಯಾಲಿಸ್ಟರ್ ನಿರಪರಾಧಿ, ರಾಣಿಯ ಕೊಲೆಯ ಸುಳ್ಳು ಆರೋಪ ಹೊತ್ತ ವೀರ. ಪುಸ್ತಕದ ನಿಮೋನಾ ಕೊಲ್ಲುತ್ತಾಳೆ. ಸಿನಿಮಾದ ನಿಮೋನಾ ಒಡೆಯುತ್ತಾಳೆ, ಹೆದರಿಸುತ್ತಾಳೆ, ಆದರೆ ನಮ್ಮ ಪ್ರೀತಿಗೆ ಕುತ್ತು ಬರುವಂಥದ್ದನ್ನು ಮಾಡುವುದಿಲ್ಲ. ಪುಸ್ತಕದ ಕೊನೆಯಲ್ಲಿ ಅವಳು ಮರಳಿ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಎದುರಿಗೆ ಸಿಕ್ಕ ಪ್ರತಿ ಅಪರಿಚಿತ ಮುಖದಲ್ಲೂ ಅವಳಿರಬಹುದು ಅಂತ ಅಂದುಕೊಳ್ಳುತ್ತಾ ಬ್ಲ್ಯಾಕ್‌ಹಾರ್ಟ್ ಬದುಕುತ್ತಾನೆ. ಸಿನಿಮಾದ ಕೊನೆಯಲ್ಲಿ ಅವಳ ದನಿ ಕೇಳಿಸಿಯೇಬಿಡುತ್ತದೆ. ಗೆರೆಯಂತೂ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಒಂದೇ ನಯ. ಹಾಗಾಗಿ ಅಲ್ಲಿ ನಿಮೋನಾ ಒಬ್ಬಳೇ ರೂಪ ಬದಲಿಸುತ್ತಾಳೆ, ಅವಳ ಸುತ್ತಲಿನ ಲೋಕ ಬದಲಾಗುವುದಿಲ್ಲ.

ವಿಚಿತ್ರ ಎಂದರೆ, ದೊಡ್ಡ ಸ್ಟುಡಿಯೋ ಕೂಡ ಕೊನೆಗೆ ಆನ್‌ಲೈನ್ ಬಳಗದಂತೆಯೇ ನಡೆದುಕೊಂಡಿದೆ. ಜನ ಯಾರನ್ನು ಪ್ರೀತಿಸುತ್ತಾರೋ ಅವರನ್ನು ಪ್ರೀತಿಗೆ ಇನ್ನಷ್ಟು ಯೋಗ್ಯರನ್ನಾಗಿ ಮಾಡು, ಕಾಯಿಸಬೇಡ, ಖಾಲಿ ಕೈಯಲ್ಲಿ ಕಳಿಸಬೇಡ. ವೃತ್ತಿಯಾದರೆ ಕಲೆ ಸ್ವತಂತ್ರವಾಗುತ್ತದೆ ಅಂತ ನಂಬಿದವರು ಇದನ್ನು ನೋಡಬೇಕು. ಬಳಗ ಬಿಟ್ಟವರಿಗೆ ಇನ್ನೊಂದು ಬಳಗ ಕಾದಿರುತ್ತದೆ, ಅದರ ಕೈಯಲ್ಲಿ ಚೆಕ್‌ಬುಕ್ ಇರುತ್ತದೆ.

ಸ್ಟೀವನ್ಸನ್ ಇದನ್ನು ಇನ್ನೊಂದು ದಿಕ್ಕಿನಿಂದಲೂ ಕಂಡವರು. 2018ರಿಂದ 2020ರವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಶಿ-ರಾ' ಆನಿಮೇಷನ್ ಸರಣಿಯ ಹೊಣೆ ಅವರದಾಗಿತ್ತು. 52 ಕಂತುಗಳು. ಶಿ-ರಾ ಎಂಬತ್ತರ ದಶಕದ ಟಿವಿಯ ನಾಯಕಿ, ಅವಳ ಹಳೆಯ ಅಭಿಮಾನಿಗಳು ಈಗ ನಡುವಯಸ್ಸಿನವರು. ಹೊಸ ರೂಪದ ಮೊದಲ ಚಿತ್ರಗಳು ಹೊರಬಂದಾಗ ಅವರಲ್ಲಿ ಕೆಲವರು ಸಿಟ್ಟಾದರು. ನಾಯಕಿ ಸಾಕಷ್ಟು ಚೆಲುವಾಗಿಲ್ಲ, ಹುಡುಗನಂತಿದ್ದಾಳೆ, ನಮ್ಮ ಬಾಲ್ಯವನ್ನು ಕೆಡಿಸಿದಿರಿ ಅಂದರು. ಬೇರೆಯವರ ಪಾತ್ರಗಳಿಗೆ ಬಟ್ಟೆ ಬದಲಿಸಿ ನಗಿಸಿ ಹೆಸರಾದವರು, ಈಗ ಬೇರೆಯವರ ಪಾತ್ರಕ್ಕೆ ಬಟ್ಟೆ ಬದಲಿಸಿದ್ದಕ್ಕೆ ಬೈಸಿಕೊಂಡರು. ಮೊದಲನೆಯದು ಬಳಗದೊಳಗಿನ ಆಟ, ಎರಡನೆಯದು ಹೊರಗಿನ ಕೆಲಸ. ಕೈ ಮಾಡಿದ್ದು ಹೆಚ್ಚುಕಡಿಮೆ ಒಂದನ್ನೇ.

ಬಿಟ್ಟುಹೋಗುವುದರ ಬೆಲೆಯನ್ನು ತಿಳಿಯಬೇಕಾದರೆ 2020ರಲ್ಲಿ ಬಂದ ಅವರ ನೆನಪಿನ ಪುಸ್ತಕ 'ದಿ ಫೈರ್ ನೆವರ್ ಗೋಸ್ ಔಟ್' ನೋಡಬೇಕು. 2011ರಿಂದ 2019ರವರೆಗೆ ಪ್ರತಿ ವರ್ಷದ ಕೊನೆಗೆ ತಮ್ಮ ಬಗ್ಗೆ ತಾವೇ ಬರೆದುಕೊಂಡ ಚಿತ್ರಗಳು, ಟಿಪ್ಪಣಿಗಳು ಅದರಲ್ಲಿವೆ. ಲೆಕ್ಕಕ್ಕೆ ಆ ವರ್ಷಗಳು ಏಳಿಗೆಯ ವರ್ಷಗಳು: ಪುಸ್ತಕ, ಪ್ರಶಸ್ತಿ, 'ಲಂಬರ್‌ಜೇನ್ಸ್' ಕಾಮಿಕ್ಸ್, ಲಾಸ್ ಏಂಜಲೀಸ್, ಸ್ವಂತ ಸರಣಿ. ಚಿತ್ರಗಳಲ್ಲಿ ಕಾಣುವುದು ಎದೆಯ ನಡುವೆ ದುಂಡಗೆ ತೂತಾದ ಒಂದು ಪುಟ್ಟ ಆಕೃತಿ. ಸಾಧನೆಗಳ ಪಟ್ಟಿ ಪಕ್ಕದಲ್ಲೇ ಇದೆ, ತೂತೂ ಇದೆ. ಬಿಡಿಯಾಗಿ ನೋಡಿದರೆ ಕೆಲವು ವರ್ಷಗಳ ಪುಟಗಳು ತೀರಾ ಖಾಸಗಿ, ಗೆಳೆಯರಿಗೆ ಮಾತ್ರ ಅರ್ಥವಾಗುವಂಥವು. ಅದು ಪುಸ್ತಕವಾಗಿ ಅದರ ದೌರ್ಬಲ್ಯ. ಆದರೆ ಒಟ್ಟಿಗೆ ಓದಿದಾಗ ಒಂದು ಸತ್ಯ ಉಳಿಯುತ್ತದೆ. ಅಂಗಿ ಚಿಕ್ಕದಾಯಿತು ಅಂದರೆ ಮೈ ಬೆಳೆಯಿತು ಅಂತ ಸಂತೋಷಪಡುತ್ತೇವೆ. ಹೊಸದು ಹೊಲಿಸುವವರೆಗೆ ಮಗುವಿಗೆ ಚಳಿಯಾಗುತ್ತದೆ ಅನ್ನುವುದು ನೆನಪಿರುವುದಿಲ್ಲ.

ಬಿಟ್ಟುಹೋಗುವಾಗ ಓದುಗರಿಗೂ ನಷ್ಟವಿದೆ. ಪುಸ್ತಕವಾದ ಮೇಲೆ 'ನಿಮೋನಾ'ದ ಬಹುಪಾಲು ಪುಟಗಳು ಇಂಟರ್‌ನೆಟ್ಟಿನಿಂದ ಹೋದವು, ಮೊದಲ ಮೂರು ಅಧ್ಯಾಯಗಳು ಮಾತ್ರ ಉಳಿದವು. ವಾರವಾರ ಕಾಯ್ದು ಓದಿ, ನಾಲ್ಕು ಜನಕ್ಕೆ ಹೇಳಿ ಬೆಳೆಸಿದವರು ಇನ್ನು ದುಡ್ಡು ಕೊಟ್ಟು ಓದಬೇಕು. ನ್ಯಾಯವೇ? ನ್ಯಾಯವೇ ಅಂತ ನನ್ನ ಉತ್ತರ. ಕೆಲಸಕ್ಕೆ ಕೂಲಿ ಬೇಕು. ಪುಕ್ಕಟೆಯಾಗಿ ಕೊಟ್ಟದ್ದನ್ನು ಪುಕ್ಕಟೆಯಾಗಿಯೇ ಕೊಡುತ್ತಿರಬೇಕು ಎಂಬ ಕರಾರು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಸಾಲ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಆ ಸಾಲವನ್ನು ಸ್ಟೀವನ್ಸನ್ ತೀರಿಸಿರುವ ಬಗೆ ನನಗೆ ಹಿಡಿಸಿತು: ಆ ಓದುಗರು ಮೊದಲು ನೋಡಿ ಪ್ರೀತಿಸಿದ ಒರಟು ಗೆರೆಗೆ ನಾಚಿಕೆಪಟ್ಟು ಅದನ್ನು ಮರೆಮಾಡಲಿಲ್ಲ. ಚಿಕ್ಕದಾದ ಅಂಗಿಯನ್ನು ತೊಟ್ಟುಕೊಂಡು ಓಡಾಡಲಿಲ್ಲ, ಎಸೆಯಲೂ ಇಲ್ಲ. ಮಡಿಚಿ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸರಣಿಯ ವರ್ಷಗಳು ಮುಗಿದ ಮೇಲೆ ಮತ್ತೆ ಸಣ್ಣ ಸಣ್ಣ ಆತ್ಮಕಥೆಯ ಚಿತ್ರಗಳನ್ನು ಪತ್ರದಂತೆ ನೇರ ಓದುಗರಿಗೆ ಕಳಿಸತೊಡಗಿದ್ದನ್ನೂ ಇದರ ಜತೆಗೇ ನೋಡಬೇಕು. ಅದು ಹಳೆಯ ಬಳಗಕ್ಕೆ ಮರಳಿದ್ದಲ್ಲ. ಸಣ್ಣ ಮನೆಯ ರುಚಿ ಗೊತ್ತಿದ್ದವರು ದೊಡ್ಡ ಮನೆಯಲ್ಲೂ ಒಂದು ಸಣ್ಣ ಕೋಣೆ ಇಟ್ಟುಕೊಂಡದ್ದು.

ನಮ್ಮ ಭಾಷೆಯಲ್ಲಿ 'ವೃತ್ತಿ ರಂಗಭೂಮಿ', 'ಹವ್ಯಾಸಿ ರಂಗಭೂಮಿ' ಎಂಬ ಎರಡು ಮಾತುಗಳಿವೆ. ಗುಬ್ಬಿ ಕಂಪನಿ ವೃತ್ತಿ, ಕೈಲಾಸಂ ನಾಟಕ ಆಡಿದವರು ಹವ್ಯಾಸಿಗಳು. ಅಲ್ಲಿ ಹವ್ಯಾಸಿ ಅನ್ನುವುದು ಕಡಿಮೆಯ ಮಾತಲ್ಲ. ಹೊಸ ನಾಟಕ, ಹೊಸ ಮಾತು ಎಷ್ಟೋ ಸಲ ಅವರಿಂದಲೇ ಬಂತು. ಹೀಗಾಗಿ ಹವ್ಯಾಸಿಯಿಂದ ವೃತ್ತಿಗೆ ಹೋಗುವುದು ಕೆಳಗಿನಿಂದ ಮೇಲಕ್ಕೆ ಹೋಗುವುದೇ ಅಂತ ನಾವು ಭಾವಿಸಬೇಕಿಲ್ಲ. ದುಡ್ಡು ಬಂತೋ ಇಲ್ಲವೋ ಎನ್ನುವುದಕ್ಕಿಂತ, ಚಪ್ಪಾಳೆ ಬಿದ್ದ ಜಾಗದಿಂದ ಒಂದು ಹೆಜ್ಜೆ ಆಚೆಗೆ ಕಾಲಿಡಲು ಆಯಿತೋ ಇಲ್ಲವೋ ಎನ್ನುವುದು ಮುಖ್ಯ. ಅದು ವೃತ್ತಿಯಲ್ಲೂ ತಪ್ಪಬಹುದು, ಹವ್ಯಾಸದಲ್ಲೂ ಆಗಬಹುದು.

ಕೊನೆಗೆ ನಮ್ಮ ಮಾತು. ಈ ಪತ್ರಿಕೆಯೂ ಒಂದು ಬಳಗ. ಮುಂಬೈ, ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ಕೂತು ಕನ್ನಡದಲ್ಲಿ ಬರೆಯುವವರಿಗೆ ನಾಲ್ಕು ಒಳ್ಳೆಯ ಮಾತು ಎಷ್ಟು ಬೇಕು ಅಂತ ನನಗೆ ಗೊತ್ತು. ಊರಿನ ನೆನಪು ಬರೆದವರಿಗೆ ನಾವು 'ಕಣ್ಣು ತುಂಬಿ ಬಂತು' ಅನ್ನುತ್ತೇವೆ. ಅದು ಸುಳ್ಳಲ್ಲ, ನಿಜವಾಗಿಯೂ ತುಂಬಿ ಬಂದಿರುತ್ತದೆ. ಅವರು ಮತ್ತೆ ಊರಿನ ನೆನಪು ಬರೆಯುತ್ತಾರೆ, ನಾವು ಮತ್ತೆ ಅದನ್ನೇ ಅನ್ನುತ್ತೇವೆ. ಅವರೇ ಒಂದು ದಿನ ತಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಬಗ್ಗೆಯೋ, ಆಫೀಸಿನಲ್ಲಿ ಕೆಲಸ ಕಳೆದುಕೊಂಡ ರಾತ್ರಿಯ ಬಗ್ಗೆಯೋ ಅರೆಬರೆಯಾಗಿ, ಒಡ್ಡೊಡ್ಡಾಗಿ ಬರೆದರೆ ನಾವು ಸುಮ್ಮನಿರುತ್ತೇವೆ. ಆ ಸುಮ್ಮನಿರುವಿಕೆ ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತದೆ. ನಾನು ಕೇಳಿಸಿಕೊಂಡವನು.

ಒಳ್ಳೆಯ ಬಳಗ ಅಂದರೆ ಯಾರನ್ನೂ ಹೊಗಳದ ಬಳಗವಲ್ಲ. ಈ ಸಲ ನೀವು ಬೇರೇನೋ ಮಾಡಲು ನೋಡಿದಿರಿ, ಪೂರ್ತಿ ಆಗಿಲ್ಲ, ಆದರೆ ನೋಡಿದೆ, ಮತ್ತೆ ಮಾಡಿ ಅನ್ನಬಲ್ಲ ಒಬ್ಬನಾದರೂ ಅಲ್ಲಿರಬೇಕು. ಅಂಥವನಿದ್ದರೂ ಬೆಳೆದವರು ಒಂದು ದಿನ ಹೊರಡುತ್ತಾರೆ. ಹೊರಡಲಿ. ಹೊರಟವರನ್ನು ಕಮರ್ಷಿಯಲ್ ಆದರು, ನಮ್ಮನ್ನು ಮರೆತರು ಅನ್ನುವ ಮೊದಲು, ಅವರು ಇಲ್ಲಿದ್ದಾಗ ನಾವು ಅವರಿಂದ ಕೇಳಿದ್ದು ಮಳೆಯನ್ನೋ ಅಪ್ಪನನ್ನೋ ಅಂತ ಕೇಳಿಕೊಳ್ಳೋಣ.

ಆ ಸಲ ಬೆಂಗಳೂರು ದಾಟಿ ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಹಳೆಯ ಚಿತ್ರಗಳನ್ನು ಹುಡುಕಿದೆ. ಮಳೆಗಳೆಲ್ಲ ಒಂದು ಫೈಲಿನಲ್ಲಿ ನೀಟಾಗಿದ್ದವು, ಪ್ರತಿಯೊಂದಕ್ಕೂ ತಾರೀಖು ಹಾಕಿದ್ದೆ. ಅಪ್ಪನ ಚಿತ್ರ ಅದರಲ್ಲಿರಲಿಲ್ಲ. ಅಮ್ಮನನ್ನು ಕೇಳಿದರೆ, ತನ್ನ ಅಕೌಂಟಿನ ಪಾಸ್‌ಬುಕ್ಕಿನೊಳಗಿಂದ ನಾಲ್ಕು ಮಡಿಕೆಯಾದ ಒಂದು ಹಾಳೆ ತೆಗೆದುಕೊಟ್ಟಳು. ಮಂಚ ಇನ್ನೂ ಗಾಳಿಯಲ್ಲೇ ತೇಲುತ್ತಿತ್ತು. ಬಕೆಟ್ಟಿನ ಮೇಲಿನ ಕೈ ತಪ್ಪಾಗಿದೆ, ಬೆರಳುಗಳು ಉದ್ದವಾಗಿವೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅಮ್ಮ ಅಂದಳು, 'ಕೈ ಹಾಗೇ ಇಟ್ಕೋತಿದ್ರು.'